ಸರ್ವಿಸ್ ಆದ ಮೇಲೆ ಹೈಬ್ರಿಡ್ ಕಾರಿನ ಮೈಲೇಜ್ ಮತ್ತು ಘಟ್ಟದ ಲೆಕ್ಕ

ಶಿರಸಿಯವರೊಬ್ಬರು ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟರ್ ಎರಡೂ ಇರುವ ತಮ್ಮ ಹೈಬ್ರಿಡ್ ಕಾರನ್ನು ಕರಾವಳಿಯಲ್ಲಿ ಸರ್ವಿಸ್ ಮಾಡಿಸಿ, ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಮನೆ ಸೇರಿದರು ಎಂದುಕೊಳ್ಳೋಣ. ಹೋಗುವಾಗ ಲೀಟರಿಗೆ 22 ಕಿಲೋಮೀಟರ್ ತೋರಿಸುತ್ತಿದ್ದ ಪರದೆ ಮನೆ ತಲುಪುವಾಗ 18 ತೋರಿಸಿದರೆ, ಸರ್ವಿಸ್‌ನಲ್ಲಿ ಏನೋ ಕೆಟ್ಟಿತೆಂಬ ಅನುಮಾನ ಸಹಜ. ಆದರೆ ಅಷ್ಟು ಇಳಿಕೆಗೆ ಘಟ್ಟವೊಂದೇ ಸಾಕು.

ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಜನರೂ ಸೇರಿ 1,400 ಕಿಲೋ ತೂಗುವ ಕಾರನ್ನು ಅಷ್ಟು ಮೇಲಕ್ಕೆ ಎತ್ತಲು ಎರಡು ಯೂನಿಟ್‌ಗಿಂತ ತುಸು ಹೆಚ್ಚು ಶಕ್ತಿ ಬೇಕು (ಯೂನಿಟ್ ಎಂದರೆ ಕರೆಂಟ್ ಬಿಲ್ಲಿನ ಯೂನಿಟ್ಟೇ, ಅಂದರೆ ಒಂದು ಕಿಲೋವ್ಯಾಟ್-ಗಂಟೆ). ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿಯಿದ್ದರೂ, ಒಳ್ಳೆಯ ಹೈಬ್ರಿಡ್ ಎಂಜಿನ್ ಕೂಡ ಅದರ ಮೂರನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚನ್ನಷ್ಟೇ ಚಕ್ರಕ್ಕೆ ಮುಟ್ಟಿಸುತ್ತದೆ. ಹಾಗಾಗಿ ಏರುವುದಕ್ಕೆಂದೇ ಮೂರನೆಯ ಎರಡು ಲೀಟರ್ ಹೆಚ್ಚುವರಿಯಾಗಿ ಉರಿಯುತ್ತದೆ. ಸುಮಾರು 60 ಕಿಲೋಮೀಟರಿನ ದಾರಿಗೆ ಅದನ್ನು ಸೇರಿಸಿದರೆ 22 ಎಂಬುದು 18ರ ಆಸುಪಾಸಿಗೆ ಬರುತ್ತದೆ.

ಇದೇ ಘಟ್ಟವನ್ನು ಹಿಂದೆಯೂ ಹತ್ತಿದ್ದ ಕಾರಿನ ಅಂಕಿ ಆಗ ಏಕೆ ಕುಸಿಯಲಿಲ್ಲ ಎಂದರೆ, ಆಗಿನ ಸರಾಸರಿಯಲ್ಲಿ ಸಾವಿರಾರು ಕಿಲೋಮೀಟರುಗಳಿದ್ದವು. ಸರ್ವಿಸ್ ವೇಳೆ ಟ್ರಿಪ್ ಮೀಟರ್ ಸೊನ್ನೆಗೆ ತಂದರೆ, ಅಥವಾ ಕೆಲವು ಕಾರುಗಳಲ್ಲಿ 12 ವೋಲ್ಟ್ ಬ್ಯಾಟರಿಯ ತಂತಿ ಬಿಚ್ಚಿದರೆ, ಹಳೆಯ ಸರಾಸರಿ ಅಳಿಸಿಹೋಗುತ್ತದೆ. ಅದರ ಜೊತೆಗೆ, ಗಾಳಿ ಮತ್ತು ಇಂಧನದ ಪ್ರಮಾಣವನ್ನು ಹೊಂದಿಸಲು ಎಂಜಿನ್ನಿನ ಕಂಪ್ಯೂಟರ್ ಕಲಿತಿಟ್ಟುಕೊಂಡ ತಿದ್ದುಪಡಿಗಳೂ ಅಳಿಸಿಹೋಗಬಹುದು. ಅವನ್ನು ಮತ್ತೆ ಕಲಿಯಲು ಕಾರು ಸ್ವಲ್ಪ ಓಡಬೇಕು.

ಇಳಿಯುವಾಗ ಮೋಟರ್ ವಿದ್ಯುತ್ ಉತ್ಪಾದಿಸಿ ತುಂಬಿಸುವುದರಿಂದ, ಏರಲು ವ್ಯಯಿಸಿದ ಶಕ್ತಿಯನ್ನೆಲ್ಲ ಬ್ಯಾಟರಿ ಮರಳಿ ಪಡೆಯುತ್ತದೆ ಎಂಬ ನಂಬಿಕೆ ಘಟ್ಟದ ಮಟ್ಟಿಗೆ ನಿಜವಲ್ಲ. ಹೊರಗಿನಿಂದ ಚಾರ್ಜ್ ಮಾಡುವ ಪ್ಲಗ್ ಇಲ್ಲದ ಹೈಬ್ರಿಡ್ ಕಾರುಗಳ ಬ್ಯಾಟರಿ ಸಾಮಾನ್ಯವಾಗಿ ಒಂದು ಯೂನಿಟ್ ಆಸುಪಾಸಿನದು, ಬಾಳಿಕೆಯ ದೃಷ್ಟಿಯಿಂದ ಅದರ ಅರ್ಧದಷ್ಟನ್ನು ಮಾತ್ರ ಬಳಸಲಾಗುತ್ತದೆ. ದೇವಿಮನೆಯ ತಿರುವುಗಳು ಮುಗಿಯುವ ಮೊದಲೇ ಅದು ತುಂಬಿಬಿಡಬಹುದು. ಉಳಿದ ಶಕ್ತಿ, ಎಂಜಿನ್ನೇ ಕಾರಿನ ವೇಗ ತಡೆಯುವ ಎಂಜಿನ್ ಬ್ರೇಕಿಂಗ್‌ನಲ್ಲಿ ಶಾಖವಾಗಿ ಹೋಗುತ್ತದೆ. ಆದ್ದರಿಂದ ಏರಿಳಿತ ಎರಡನ್ನೂ ಸೇರಿಸಿದ ಲೆಕ್ಕವೇ ನ್ಯಾಯವಾದದ್ದು.

ಪರದೆಯ ಅಂಕಿಯೂ ನೇರ ಅಳತೆಯಲ್ಲ. ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದ ಪೆಟ್ರೋಲನ್ನೂ, ಚಕ್ರ ಎಷ್ಟು ಸುತ್ತಿತು ಎಂಬುದರಿಂದ ದೂರವನ್ನೂ ಕಂಪ್ಯೂಟರ್ ಅಂದಾಜಿಸುತ್ತದೆ. ನನ್ನ ದೃಷ್ಟಿಯಲ್ಲಿ ಬಂಕಿನ ಲೆಕ್ಕವೇ ಹೆಚ್ಚು ನಂಬಲರ್ಹ: ಒಂದೇ ಪಂಪಿನಲ್ಲಿ ನಾಜಲ್ ತಾನಾಗಿ ನಿಲ್ಲುವವರೆಗೆ ತುಂಬಿಸಿ, ಮುಂದಿನ ಬಾರಿ ಹಾಗೆಯೇ ತುಂಬಿಸಿದಾಗ ಹಿಡಿದ ಲೀಟರಿನಿಂದ ಓಡಿದ ದೂರವನ್ನು ಭಾಗಿಸಬೇಕು. ಮೂರು ನಾಲ್ಕು ಟ್ಯಾಂಕಿನ ಸರಾಸರಿ ತೆಗೆದರೆ ತುಂಬಿಸುವಾಗಿನ ಹೆಚ್ಚುಕಡಿಮೆ ನಗಣ್ಯವಾಗುತ್ತದೆ. ಹೋಲಿಕೆ ಮಾತ್ರ ಒಂದೇ ಋತುವಿನದಾಗಿರಲಿ. ಮಳೆಗಾಲದಲ್ಲಿ ಗಾಜಿನ ಮಂಜು ತೆಗೆಯಲು ಎಸಿ ಓಡುತ್ತದೆ, ನೀರು ನಿಂತ ರಸ್ತೆ ಟೈರನ್ನು ಹಿಡಿದೆಳೆಯುತ್ತದೆ.

ಅಷ್ಟಾದ ಮೇಲೂ ಮೈಲೇಜ್ ನಿಜಕ್ಕೂ ಇಳಿದಿದ್ದರೆ ಮೊದಲು ಟೈರಿನ ಗಾಳಿ ನೋಡಬೇಕು. ಒತ್ತಡ 1 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಮಾನ) ತಗ್ಗಿದರೆ ಶೇ. 0.2ರಷ್ಟೇ ನಷ್ಟ, ಆದರೆ ನಾಲ್ಕೂ ಚಕ್ರಗಳಲ್ಲಿ ಹತ್ತು ತಗ್ಗಿದ್ದರೆ ಅದು ಲೆಕ್ಕಕ್ಕೆ ಬರುತ್ತದೆ. ಕಂಪನಿ ಹೇಳಿದ ತೆಳು ಎಣ್ಣೆಯ ಬದಲು ದಪ್ಪ ಎಣ್ಣೆ ಹಾಕಿದ್ದಾರೆಯೇ ಎಂಬುದನ್ನು ಬಿಲ್ಲಿನಲ್ಲಿ ನೋಡಬಹುದು. ಕಾರವಾರದಂಥ ಕರಾವಳಿಯ ಊರಿನಲ್ಲಿ ನಾನು ಹೆಚ್ಚು ಗಮನ ಕೊಡುವುದು ಬ್ರೇಕಿಗೆ. ಹೈಬ್ರಿಡ್ ಕಾರು ಬಹುಪಾಲು ಮೋಟರಿನಿಂದಲೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡುಗಳಿಗೆ ಕೆಲಸ ಕಡಿಮೆ. ಹಾಗೆ ಹೆಚ್ಚು ಅಲುಗಾಡದೆ ಉಳಿದು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ನ ಪಿನ್ನುಗಳು ಉಪ್ಪುಗಾಳಿಗೆ ತುಕ್ಕು ಹಿಡಿದರೆ ಪ್ಯಾಡು ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಬ್ರೇಕ್ ಹೆಚ್ಚು ಒತ್ತದೆ ಸಮತಟ್ಟಾದ ಹೆದ್ದಾರಿಯಲ್ಲಿ ಸ್ವಲ್ಪ ದೂರ ಓಡಿಸಿ ನಿಲ್ಲಿಸಿ, ಮುಟ್ಟದೆ ಪ್ರತಿ ಚಕ್ರದ ಬಳಿ ಅಂಗೈ ಹಿಡಿದು ನೋಡಿ. ಒಂದು ಚಕ್ರ ಮಾತ್ರ ಉಳಿದವುಗಳಿಗಿಂತ ಹೆಚ್ಚು ಬಿಸಿಯಾಗಿದ್ದರೆ, ಸರ್ವಿಸ್ ಕೇಂದ್ರಕ್ಕೆ ಹೋಗಿ ಆ ಚಕ್ರವನ್ನೇ ಬಿಚ್ಚಿ ನೋಡಲು ಹೇಳಬೇಕು.