ಸವಳು ಏರಿದ ಎರೆ ಹೊಲ

ಬೇಸಿಗೆಯಲ್ಲಿ ಬಾಗಲಕೋಟೆ ಜಿಲ್ಲೆಯ ಮುಧೋಳದ ಕಡೆ ಹೋದರೆ ಕೆಲವು ಕಬ್ಬಿನ ಹೊಲಗಳ ತಗ್ಗಿನಲ್ಲಿ ಬೆಳ್ಳನೆಯ ಪದರ ಕಾಣುತ್ತದೆ. ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಅದು ಉಪ್ಪು. ಅಲ್ಲಿ ಕಬ್ಬು ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿರುತ್ತದೆ, ಎಲೆಯ ತುದಿ ಸುಟ್ಟಿರುತ್ತದೆ. ಎರಡು ಅಡಿ ಅಗೆದು ನೋಡಿ, ಮಣ್ಣು ಹಸಿಯಾಗೇ ಇರುತ್ತದೆ. ಉಪ್ಪೇರುವ ಸವಳು, ನೀರು ನಿಲ್ಲುವ ಜವಳು, ಎರಡೂ ಬರಗಾಲದಿಂದ ಬಂದದ್ದಲ್ಲ, ನೀರು ಜಾಸ್ತಿಯಾಗಿ ಬಂದದ್ದು.

ಈ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ. ಒಳಗೇ. ಅಷ್ಟರಲ್ಲೇ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ ಬರುತ್ತಿದ್ದವು. ಎರೆ ಮಣ್ಣು, ಅಂದರೆ ಇಲ್ಲಿನ ಜಿಗುಟಾದ ಕಪ್ಪು ಮಣ್ಣು, ಹಿಡಿದಿಟ್ಟ ಹಸಿಯೇ ಅವಕ್ಕೆ ಸಾಕು. ಘಟಪ್ರಭೆ ನದಿಗೆ ಹಿಡಕಲ್‌ನಲ್ಲಿ 51 ಟಿಎಂಸಿ ಹಿಡಿಯುವ ಅಣೆಕಟ್ಟು ಕಟ್ಟಿ ಕಾಲುವೆ ಹರಿಸಿದ ಮೇಲೆ ಕಬ್ಬು ಹಬ್ಬಿತು. ಒಂದು ಕಬ್ಬಿನ ಬೆಳೆಗೆ 1500 ಮಿ.ಮೀ.ಗಿಂತ ಹೆಚ್ಚು ನೀರು ಬೇಕು. ಅಂದರೆ ಎಕರೆಗೆ ಸುಮಾರು 60 ಲಕ್ಷ ಲೀಟರ್!

ಕಾಲುವೆ ನೀರು ಸಿಹಿಯಾಗಿದ್ದರೂ ಅದರಲ್ಲಿ ಒಂದಿಷ್ಟು ಲವಣ ಕರಗಿರುತ್ತದೆ. ಲೀಟರಿಗೆ ಕಾಲು ಗ್ರಾಂ ಅಂತ ಹಿಡಿಯಿರಿ. 60 ಲಕ್ಷ ಲೀಟರಿಗೆ 15 ಕ್ವಿಂಟಲ್ ಆಯಿತು. ನೀರನ್ನು ಬೆಳೆ ಕುಡಿಯುತ್ತದೆ, ಬಿಸಿಲು ಒಯ್ಯುತ್ತದೆ. ಉಪ್ಪು ಮಾತ್ರ ಹೊಲದಲ್ಲೇ ಕೂರುತ್ತದೆ. ಮರಳು ಮಣ್ಣಾದರೆ ಬಸಿದು ಹೋಗುತ್ತಿತ್ತು. ಎರೆ ಮಣ್ಣಿನ ಜೇಡಿ ನೀರು ಕುಡಿದು ಉಬ್ಬಿಕೊಳ್ಳುತ್ತದೆ, ಬಸಿಯಲು ಬಿಡುವುದಿಲ್ಲ. ಕೆಳಗೆ ನೀರು ನಿಂತು ವರ್ಷದಿಂದ ವರ್ಷಕ್ಕೆ ಮೇಲೇರುತ್ತದೆ. ನೆಲದಿಂದ 5–6 ಅಡಿ ಸಮೀಪಕ್ಕೆ ಬಂತೆಂದರೆ, ಹಣತೆಯ ಬತ್ತಿ ಎಣ್ಣೆ ಎಳೆದ ಹಾಗೆ ಮಣ್ಣು ಅದನ್ನು ಮೇಲಕ್ಕೆಳೆಯುತ್ತದೆ. ನೀರು ಆವಿಯಾಗುತ್ತದೆ, ಆಳದ ಉಪ್ಪೂ ಮೇಲೆ ಬಂದು ಉಳಿಯುತ್ತದೆ.

ಬೇರಿನ ಒಳಗಿಗಿಂತ ಹೊರಗಿನ ನೀರೇ ಉಪ್ಪಾದಾಗ ಬೇರಿಗೆ ಅದನ್ನು ಎಳೆದುಕೊಳ್ಳುವುದು ಕಷ್ಟ. ಜೊತೆಗೆ ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಗಾಳಿಯೂ ಸಿಗುವುದಿಲ್ಲ. ಉಪ್ಪಿನಲ್ಲಿ ಸೋಡಿಯಂ ಜಾಸ್ತಿಯಾದರಂತೂ ಮಣ್ಣಿನ ಹೆಂಟೆಯೇ ಒಡೆದು ರಾಡಿಯಾಗಿ, ಒಣಗಿದ ಮೇಲೆ ಗಟ್ಟಿಯಾಗುತ್ತದೆ.

ಇದಕ್ಕೆ ರೈತರ ಆಸೆಯೇ ಕಾರಣ ಎಂದು ಸುಮ್ನೆ ಬೈಯುವುದು ತಪ್ಪು. ಜೋಳದ ದರ ಯಾವಾಗ ಬೀಳುತ್ತದೋ ಗೊತ್ತಿಲ್ಲ, ಕಬ್ಬಿಗಾದರೆ ಸರ್ಕಾರ ಕಟ್ಟಿದ ದರವಿದೆ. ಹಿಸ್ಸೆಯಾಗಿ ಎರಡು-ಮೂರು ಎಕರೆಗೆ ಇಳಿದ ಮನೆಗೆ ಕಬ್ಬಿನ ಬಿಲ್ಲೇ ಆಧಾರ. ಕಾಲುವೆ ನೀರಿನ ಕರವೂ ಬೆಳೆ ಮತ್ತು ಎಕರೆ ಲೆಕ್ಕದ್ದು, ಲೀಟರ್ ಲೆಕ್ಕದ್ದಲ್ಲ. ಕಡಿಮೆ ಹಾಯಿಸಿದವನಿಗೆ ಏನು ಲಾಭ? ಸಕ್ಕರೆ ತಿನ್ನುವ ನಾವೆಲ್ಲ ಈ ಲೆಕ್ಕದಲ್ಲಿ ಇದ್ದೇವೆ.

ಕೆಟ್ಟ ಹೊಲವನ್ನು ಸರಿ ಮಾಡಬಹುದು. ಸೋಡಿಯಂ ಇದ್ದಲ್ಲಿ ಜಿಪ್ಸಂ ಹಾಕಿದರೆ ಅದರ ಕ್ಯಾಲ್ಸಿಯಂ ಸೋಡಿಯಂ ಅನ್ನು ಮಣ್ಣಿನಿಂದ ಬಿಡಿಸುತ್ತದೆ. ಆದರೆ ಬಿಟ್ಟ ಉಪ್ಪು ತೊಳೆದು ಹೋಗಲು ದಾರಿ ಬೇಕಲ್ವಾ? ಅದಕ್ಕೇ ನೆಲದಡಿ ತೂತು ಕೊರೆದ ಪೈಪು ಹೂಳಿ ನೀರು ಬಸಿಯುತ್ತಾರೆ. ಒಬ್ಬನೇ ಹಾಕಿಸಿದರೆ ಮೇಲಿನ ಹೊಲದ ನೀರು ಮತ್ತೆ ಬಂದು ಸೇರುತ್ತದೆ, ಹಳ್ಳದವರೆಗೆ ಹತ್ತಾರು ಹೊಲದವರು ಕೂಡಬೇಕು. ಅದಕ್ಕೂ ಮೊದಲು ಹನಿ ನೀರಾವರಿ, ನಡುವೆ ಒಂದು ವರ್ಷ ಕಡಲೆಯೋ ಜೋಳವೋ. ಹೊಲ ಇನ್ನೂ ಚೆನ್ನಾಗಿರುವಾಗಲೇ ಇದನ್ನು ಮಾಡಿದರೆ ಖರ್ಚು ಬಹಳ ಕಡಿಮೆ.