ಫ್ರಾಂಚೈಸಿ ಮಳಿಗೆಯ ಸಂಬಳದ ಲೆಕ್ಕ

ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗದಂಥ ಊರುಗಳಲ್ಲಿ ದೊಡ್ಡ ಬ್ರ್ಯಾಂಡ್‌ನ ಬೋರ್ಡ್ ಹಾಕಿಕೊಂಡು ಕೆಫೆ, ಪಿಜ್ಜಾ, ಚಿಕನ್ ಮಳಿಗೆ ನಡೆಸುವವರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕೆಲಸದ ದೊಡ್ಡ ಪಾಲು. ಇವರಿಂದ ನಾನು ಪದೇ ಪದೇ ಕೇಳುವ ಮಾತು ಒಂದೇ: "ವ್ಯಾಪಾರ ಚೆನ್ನಾಗೇ ಇದೆ ಸರ್, ಆದ್ರೆ ಏಳನೇ ತಾರೀಕು ಬಂದ್ರೆ ಸಂಬಳಕ್ಕೆ ದುಡ್ಡಿರಲ್ಲ." ಈ ಮಾತಿನಲ್ಲಿ ಉತ್ಪ್ರೇಕ್ಷೆ ಇಲ್ಲ. ಫ್ರಾಂಚೈಸಿ ವ್ಯವಹಾರ ಕಟ್ಟಿರುವ ರೀತಿಯೇ ಹಾಗಿದೆ.

ಸ್ವಂತ ಹೋಟೆಲ್ ಇಟ್ಟವರು ತೊಂದರೆ ಬಂದಾಗ ದರ ಏರಿಸಬಹುದು, ತರಕಾರಿ ಬೇರೆ ಕಡೆ ತರಬಹುದು, ಮೆನು ಚಿಕ್ಕದು ಮಾಡಬಹುದು. ಫ್ರಾಂಚೈಸಿಯವರಿಗೆ ಇದ್ಯಾವುದೂ ಇಲ್ಲ. ದರ ಕಂಪನಿಯದು, ಸಾಮಗ್ರಿ ಕಂಪನಿ ಹೇಳಿದ ಸರಬರಾಜುದಾರರದು, ಆಫರ್ ಕೂಡ ಕಂಪನಿಯೇ ಘೋಷಿಸುತ್ತದೆ. ಬಾಡಿಗೆ ಕರಾರಿನಲ್ಲಿ ಬರೆದಿದ್ದಾಗಿದೆ. ಮಾಲೀಕರ ಕೈಯಲ್ಲಿ ಉಳಿಯುವ ಒಂದೇ ಖರ್ಚು ಸಿಬ್ಬಂದಿ ಸಂಬಳ. ಹಾಗಾಗಿ ಎಲ್ಲಿ ಕೊರತೆಯಾದರೂ ಕತ್ತರಿ ಬೀಳುವುದು ಅಲ್ಲಿಗೇ. ಇದು ಅನ್ಯಾಯ, ಜೊತೆಗೆ ವ್ಯವಹಾರಕ್ಕೂ ಹಾನಿ ಎಂಬುದನ್ನು ಅಂಕಿಗಳಲ್ಲೇ ತೋರಿಸುತ್ತೇನೆ.

ಉದಾಹರಣೆಗೆ, ಜಿಎಸ್‌ಟಿ ಬಿಟ್ಟು ತಿಂಗಳಿಗೆ 9 ಲಕ್ಷ ರೂಪಾಯಿ ಮಾರಾಟವಿರುವ ಒಂದು ಮಳಿಗೆ ಇದೆ ಎಂದುಕೊಳ್ಳಿ. ರಾಯಲ್ಟಿ, ಅಂದರೆ ಬ್ರ್ಯಾಂಡ್ ಬಳಸುವುದಕ್ಕೆ ಕಂಪನಿಗೆ ಕೊಡುವ ಪಾಲು, ಶೇ 6; ಜಾಹೀರಾತು ಶುಲ್ಕ ಶೇ 3. ಎರಡೂ ಸೇರಿ 81,000. ಇದರ ಮೇಲೆ ಶೇ 18 ಜಿಎಸ್‌ಟಿ. ಶೇ 5ರ ದರದಲ್ಲಿ ತೆರಿಗೆ ಕಟ್ಟುವ ರೆಸ್ಟೋರೆಂಟ್‌ಗಳಿಗೆ ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಸಿಗುವುದಿಲ್ಲ, ಆದ್ದರಿಂದ ಆ ತೆರಿಗೆಯೂ ಖರ್ಚೇ. ಅಲ್ಲಿಗೆ 95,580 ಆಯಿತು. ಬಾಡಿಗೆ 90,000, ತೆರಿಗೆ ಸೇರಿ 1,06,200. ಸಾಮಗ್ರಿ ಶೇ 35ರ ಲೆಕ್ಕದಲ್ಲಿ 3,15,000. ಆನ್‌ಲೈನ್ ಆರ್ಡರ್ 3 ಲಕ್ಷದಷ್ಟಿದ್ದು, ಆ್ಯಪ್‌ನ ಕಮಿಷನ್ ಶೇ 25 ಇದ್ದರೆ ತೆರಿಗೆ ಸೇರಿ 88,500. ಕರೆಂಟು, ಗ್ಯಾಸ್, ರಿಪೇರಿ ಇತ್ಯಾದಿ 52,000. ಇಷ್ಟನ್ನೂ ಕಳೆದರೆ ಉಳಿಯುವುದು 2,42,720. ಹನ್ನೊಂದು ಜನ ಸಿಬ್ಬಂದಿ, ಸರಾಸರಿ 16,000 ಸಂಬಳ ಅಂದರೆ 1,76,000. ಮಾಲೀಕರ ಮನಸ್ಸಿನಲ್ಲಿ ಉಳಿತಾಯ 66,000ಕ್ಕೂ ಮೇಲೆ.

ಆದರೆ 16,000 ಸಂಬಳದವರೊಬ್ಬರ ನಿಜವಾದ ಖರ್ಚು 16,000 ಅಲ್ಲ. ಪಿಎಫ್ (ಭವಿಷ್ಯನಿಧಿ) ಅನ್ವಯವಾಗುವ ಕಡೆ, ವೇತನವನ್ನು 15,000ದ ಮಿತಿಗೆ ನಿಲ್ಲಿಸಿ ಲೆಕ್ಕ ಹಾಕಿದರೆ ಮಾಲೀಕರ ಪಾಲು ಶೇ 12, ಜೊತೆಗೆ ವಿಮೆ ಮತ್ತು ಆಡಳಿತ ಶುಲ್ಕ ತಲಾ ಅರ್ಧ ಪರ್ಸೆಂಟ್, ಒಟ್ಟು 1,950. ಇಎಸ್‌ಐ, ಅಂದರೆ ನೌಕರರ ವೈದ್ಯಕೀಯ ವಿಮೆ, ಶೇ 3.25ರಂತೆ 520. ಶೇ 8.33ರ ಕನಿಷ್ಠ ಬೋನಸ್‌ಗೆಂದು ತಿಂಗಳಿಗೆ 1,333 ಎತ್ತಿಡಬೇಕು. ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ತಕ್ಕಂತೆ ಕೊಡುವ ಗ್ರಾಚ್ಯುಟಿಗೆ 769. ಒಟ್ಟು 20,572. ಹನ್ನೊಂದು ಜನಕ್ಕೆ 2,26,292. ಉಳಿತಾಯ ಎಂದುಕೊಂಡಿದ್ದು ಈಗ ಸುಮಾರು 16,400ಕ್ಕೆ ಇಳಿಯಿತು. ಅದರಲ್ಲಿ ಬ್ಯಾಂಕ್ ಸಾಲದ ಕಂತು ಹೋಗಬೇಕು. ಮಾಲೀಕರೋ ಅವರ ಮನೆಯವರೋ ದಿನವಿಡೀ ಕೌಂಟರ್‌ನಲ್ಲಿ ಕೂರುವುದಕ್ಕೆ ಈ ಲೆಕ್ಕದಲ್ಲಿ ಒಂದು ಪೈಸೆಯೂ ಇಲ್ಲ ಎಂಬುದನ್ನು ಗಮನಿಸಿ. ಬಹಳಷ್ಟು ಮಳಿಗೆಗಳ "ಲಾಭ" ಮನೆಯವರ ಬಿಟ್ಟಿ ದುಡಿಮೆಯೇ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ: ಹನ್ನೊಂದು ಜನಕ್ಕೆ ಪಿಎಫ್ ಎಲ್ಲಿಂದ ಬಂತು, ಅದಕ್ಕೆ 20 ಜನ ಬೇಕಲ್ಲ? ಸರಿ. ಇಎಸ್‌ಐಗೆ ಮತ್ತು ಗ್ರಾಚ್ಯುಟಿಗೆ 10 ಸಾಕು, ಪಿಎಫ್ ಮತ್ತು ಬೋನಸ್‌ಗೆ 20. ಆದರೆ ಮೊದಲ ಮಳಿಗೆ ಚೆನ್ನಾಗಿ ನಡೆದ ಕೂಡಲೇ ಎರಡನೆಯದು ತೆರೆಯುತ್ತಾರೆ. ಪಿಎಫ್ ಕಾನೂನು ಶಾಖೆಗಳನ್ನು ಬೇರೆ ಬೇರೆ ಎಂದು ನೋಡುವುದಿಲ್ಲ, ಎಲ್ಲಿದ್ದರೂ ಒಂದೇ ಸಂಸ್ಥೆ. ಅಲ್ಲಿ ಹನ್ನೊಂದು, ಇಲ್ಲಿ ಹನ್ನೊಂದು, ಒಟ್ಟು ಇಪ್ಪತ್ತೆರಡು. ಗುತ್ತಿಗೆಯಲ್ಲಿ ಬರುವ ಸ್ವಚ್ಛತಾ ಸಿಬ್ಬಂದಿಯೂ ಈ ಎಣಿಕೆಗೆ ಸೇರುತ್ತಾರೆ. ಎರಡನೇ ಮಳಿಗೆಯನ್ನು ಹೆಂಡತಿಯ ಹೆಸರಿನಲ್ಲಿ ಮಾಡಿದರೆ ತಪ್ಪಿಸಿಕೊಳ್ಳಬಹುದು ಎಂಬ ಸಲಹೆ ಊರೆಲ್ಲ ಓಡಾಡುತ್ತಿದೆ. ಹಣ ಒಂದೇ ಕಡೆಯಿಂದ ಬಂದು, ಒಬ್ಬರೇ ನಡೆಸಿ, ಹುಡುಗರು ಅಲ್ಲಿಂದಿಲ್ಲಿಗೆ ಓಡಾಡುತ್ತಿದ್ದರೆ ಅಧಿಕಾರಿಗಳು ಎರಡನ್ನೂ ಒಂದೇ ಎಂದು ಪರಿಗಣಿಸಿ ಹಿಂದಿನ ದಿನಾಂಕದಿಂದ ಬಾಕಿ ಕೇಳಬಹುದು. ಆಗ ನೌಕರರ ಪಾಲನ್ನೂ ಮಾಲೀಕರೇ ತುಂಬಬೇಕಾಗುತ್ತದೆ, ಬಿಟ್ಟುಹೋದವರ ಹಳೇ ಸಂಬಳದಿಂದ ಹಿಡಿಯಲು ಬರುವುದಿಲ್ಲ. ಎರಡನೇ ಮಳಿಗೆಯ ಯೋಜನೆ ಮಾಡುವಾಗ ಅದರ ಖರ್ಚಿನ ಜೊತೆ ಮೊದಲ ಮಳಿಗೆಯ ಸಂಬಳದ ಖರ್ಚು ಏರುವುದನ್ನೂ ಬರೆದುಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಮಳಿಗೆ ನಡೆಸುವವರಿಗೆ ಅದರಲ್ಲಿ ಮುಖ್ಯವಾದವು ಎರಡು. ಮೂಲ ವೇತನವನ್ನು ಸಣ್ಣದಾಗಿ ತೋರಿಸಿ ಉಳಿದದ್ದನ್ನೆಲ್ಲ ಭತ್ಯೆ ಎಂದು ಬರೆಯುವ ಹಳೇ ಪದ್ಧತಿ ಇನ್ನು ನಡೆಯದು. ಭತ್ಯೆಗಳು ಒಟ್ಟು ಮೊತ್ತದ ಅರ್ಧವನ್ನು ದಾಟಿದರೆ ದಾಟಿದ ಭಾಗ ವೇತನವೆಂದೇ ಗಣನೆಗೆ ಬರುತ್ತದೆ. ಇನ್ನೊಂದು, ಕೆಲಸ ಬಿಟ್ಟವರ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಹುಡುಗರು ಬಿಟ್ಟುಹೋಗದಿರಲಿ ಎಂದು ಮೊದಲ ತಿಂಗಳ ಸಂಬಳ ಹಿಡಿದಿಟ್ಟುಕೊಳ್ಳುವ ರೂಢಿ ಇನ್ನೂ ಎಷ್ಟೋ ಕಡೆ ಇದೆ. ಕಾನೂನು ಬದಿಗಿರಲಿ, ಅದರಿಂದ ಯಾರೂ ನಿಂತದ್ದನ್ನು ನಾನು ನೋಡಿಲ್ಲ. ಪಕ್ಕದ ರಸ್ತೆಯ ಮಳಿಗೆ ಸಮಯಕ್ಕೆ ಸಂಬಳ ಕೊಡುತ್ತದೆ ಎಂದು ಗೊತ್ತಾದರೆ ಹಿಡಿದಿಟ್ಟದ್ದನ್ನು ಬಿಟ್ಟೇ ಹೋಗುತ್ತಾರೆ. ಬ್ರ್ಯಾಂಡ್‌ನ ತರಬೇತಿ ಮುಗಿಸಿದ ಹುಡುಗ ಹೋದರೆ ಹೊಸಬನನ್ನು ಮತ್ತೆ ತರಬೇತಿಗೆ ಕಳಿಸಬೇಕು, ಅವನ ಊಟ, ವಸತಿ, ಯೂನಿಫಾರ್ಮ್ ಎಲ್ಲ ಸಾಮಾನ್ಯವಾಗಿ ನಿಮ್ಮ ಖರ್ಚೇ.

ಕ್ಯಾಶ್ ಕಡಿಮೆ ಬಂದರೆ ಕ್ಯಾಶಿಯರ್ ಸಂಬಳದಲ್ಲಿ ಹಿಡಿಯುವುದೂ ಹೀಗೆಯೇ ರೂಢಿಯಾಗಿದೆ. ಅವರ ನಿರ್ಲಕ್ಷ್ಯದಿಂದಲೇ ಆದ ನಷ್ಟ ಎಂದು ತೋರಿಸಬೇಕು, ಅವರ ಮಾತು ಕೇಳಬೇಕು. ಆಮೇಲಷ್ಟೇ ಕಡಿತ, ಅದೂ ಎಲ್ಲ ಕಡಿತ ಸೇರಿ ವೇತನದ ಅರ್ಧ ಮೀರದಂತೆ.

ಈಗ ಹಣದ ಓಡಾಟಕ್ಕೆ ಬರೋಣ, ಏಕೆಂದರೆ ಲಾಭವಿರುವ ಮಳಿಗೆಯೂ ಎಡವುವುದು ಇಲ್ಲೇ. ತಿಂಗಳ ಮೊದಲ ಇಪ್ಪತ್ತು ದಿನ ನೋಡಿ. ಐದರ ಹೊತ್ತಿಗೆ ಬಾಡಿಗೆ. ಏಳಕ್ಕೆ ಸಂಬಳ, ಅದೇ ದಿನ ಟಿಡಿಎಸ್ (ಬೇರೆಯವರಿಗೆ ಹಣ ಕೊಡುವಾಗ ಹಿಡಿದು ಸರ್ಕಾರಕ್ಕೆ ಕಟ್ಟುವ ಆದಾಯ ತೆರಿಗೆ). ಹದಿನೈದಕ್ಕೆ ಪಿಎಫ್, ಇಎಸ್‌ಐ. ಇಪ್ಪತ್ತಕ್ಕೆ ವೃತ್ತಿ ತೆರಿಗೆ ಮತ್ತು ಜಿಎಸ್‌ಟಿ. ರಾಯಲ್ಟಿ ಮಾತ್ರ ಇವ್ಯಾವುದಕ್ಕೂ ಕಾಯುವುದಿಲ್ಲ. ಅನೇಕ ಒಪ್ಪಂದಗಳಲ್ಲಿ ಅದು ನೇರ ಬ್ಯಾಂಕ್ ಖಾತೆಯಿಂದಲೇ ಕಡಿತವಾಗುತ್ತದೆ. ಹಾಗೆ ಕಡಿತವಾದಾಗ ಅದರ ಮೇಲೆ ನೀವು ಹಿಡಿಯಬೇಕಾದ ಟಿಡಿಎಸ್ ಮರೆತುಹೋಗುವುದೂ ಉಂಟು. ಕೌಂಟರ್‌ನಲ್ಲಿ ವಸೂಲಾದ ಜಿಎಸ್‌ಟಿ ನಮ್ಮದೇ ಹಣದಂತೆ ಖಾತೆಯಲ್ಲಿ ಕುಳಿತಿರುತ್ತದೆ. 2022ರ ಜನವರಿಯಿಂದ ಆ್ಯಪ್ ಆರ್ಡರ್‌ಗಳ ತೆರಿಗೆಯನ್ನು ಆ್ಯಪ್‌ಗಳೇ ಕಟ್ಟುತ್ತಿವೆ, ಕೌಂಟರ್‌ನದು ಮಾತ್ರ ನಿಮ್ಮ ಜವಾಬ್ದಾರಿ.

ನಾನು ಎಲ್ಲರಿಗೂ ಹೇಳುವ ಉಪಾಯ ಸರಳ. ಸಂಬಳಕ್ಕೆಂದೇ ಬೇರೆ ಬ್ಯಾಂಕ್ ಖಾತೆ ತೆರೆಯಿರಿ, ರಾಯಲ್ಟಿ ಕಡಿತದ ಆದೇಶ ಅದರ ಮೇಲೆ ಇರಕೂಡದು. ಆ್ಯಪ್‌ಗಳ ಹಣ ಸಾಮಾನ್ಯವಾಗಿ ವಾರಕ್ಕೊಮ್ಮೆ ಬರುತ್ತದೆ. ಬಂದ ದಿನವೇ ಒಂದು ವಾರದ ಸಂಬಳದ ಖರ್ಚನ್ನು ಅಲ್ಲಿಗೆ ದಾಟಿಸಿ. ಮೇಲಿನ ಮಳಿಗೆಗೆ ಅದು ವಾರಕ್ಕೆ ಸುಮಾರು 52,200. ಬೋನಸ್, ಗ್ರಾಚ್ಯುಟಿಯ ಪಾಲೂ ಇದರಲ್ಲೇ ಸೇರಿರುವುದರಿಂದ ದೀಪಾವಳಿಗೆ ಕೈಸಾಲ ಮಾಡುವ ಪ್ರಸಂಗ ಬರುವುದಿಲ್ಲ. ಶ್ರಾವಣದಲ್ಲಿ ಚಿಕನ್ ಮಳಿಗೆಯ ವ್ಯಾಪಾರ ಬೀಳುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಅನಿರೀಕ್ಷಿತವಲ್ಲ, ಅದಕ್ಕೆ ಮುಂಚಿನ ತಿಂಗಳುಗಳಲ್ಲೇ ಒಂದಷ್ಟು ಹೆಚ್ಚು ದಾಟಿಸಿ. ಯಾವುದೋ ವಾರ 52,200 ದಾಟಿಸಲು ಆಗಲಿಲ್ಲವೆಂದರೆ ಮಳಿಗೆಗೆ ತೊಂದರೆ ಇದೆ ಎಂದು ಅಂದೇ ತಿಳಿಯುತ್ತದೆ, ಏಳನೇ ತಾರೀಕಿನವರೆಗೆ ಕಾಯಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಯಾರೊಂದಿಗೂ ರಾಜಿಯಾಗುವುದಿಲ್ಲ. ಸಿಬ್ಬಂದಿಯ ಸಂಬಳದಿಂದ ಹಿಡಿದ ಪಿಎಫ್, ಇಎಸ್‌ಐ ಹಣವನ್ನು ಸಾಮಗ್ರಿ ಬಿಲ್‌ಗೆ ಬಳಸಿ ಮುಂದಿನ ತಿಂಗಳು ತುಂಬುವುದು. ತಡವಾದರೆ ಬಡ್ಡಿ, ದಂಡ ಇದ್ದೇ ಇದೆ. ಹಿಡಿದ ಪಿಎಫ್ ಕಟ್ಟದಿರುವುದನ್ನು ಕಾನೂನು ನಂಬಿಕೆದ್ರೋಹದ ಅಪರಾಧವೆಂದೇ ಪರಿಗಣಿಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಮಳಿಗೆಯಲ್ಲಿ ದುಡಿಯುವ ಹುಡುಗಿಯೊಬ್ಬಳು ತನ್ನ ಹೆರಿಗೆಯೋ ತಾಯಿಯ ಆಪರೇಷನ್ನೋ ಅಂತ ಇಎಸ್‌ಐ ಆಸ್ಪತ್ರೆಗೆ ಹೋದಾಗ ವಂತಿಗೆ ಬಾಕಿ ಎಂದು ಅಲೆದಾಡುವವಳು ಅವಳು. ಹಣ ಅವಳದು, ಸ್ಲಿಪ್‌ನಲ್ಲಿ ಕಡಿತವೂ ಆಗಿದೆ.

ಹಾಗಿದ್ದರೆ ಖರ್ಚು ಇಳಿಸುವುದು ಎಲ್ಲಿ? ಸಂಬಳದಲ್ಲಲ್ಲ, ಗಂಟೆಗಳಲ್ಲಿ. ಬಿಲ್ಲಿಂಗ್ ಯಂತ್ರದಲ್ಲಿ ಗಂಟೆವಾರು ಮಾರಾಟದ ವರದಿ ಸಿಗುತ್ತದೆ, ಅದನ್ನು ತೆಗೆದು ನೋಡುವವರು ಕಡಿಮೆ. ಮಂಗಳವಾರ ಮಧ್ಯಾಹ್ನ ಮೂರರಿಂದ ಐದು ಗಂಟೆಗೆ ಆರು ಜನ ನಿಂತಿರುತ್ತಾರೆ, ಶನಿವಾರ ರಾತ್ರಿ ಅಷ್ಟೇ ಜನ ಬೆವರುತ್ತಾರೆ. ಆ ಶನಿವಾರದ ಓವರ್‌ಟೈಮ್‌ಗೆ ಎರಡು ಪಟ್ಟು ಕೊಡಬೇಕು. ಪಾಳಿ ಸರಿಪಡಿಸಿದರೆ ಯಾರ ಸಂಬಳವನ್ನೂ ಮುಟ್ಟದೆ ಓವರ್‌ಟೈಮ್ ಇಳಿಯುತ್ತದೆ. ವಾರದ ರಜೆಯನ್ನು ಜನ ಕಡಿಮೆ ಬರುವ ದಿನಗಳಿಗೆ ಹಂಚಿ.

ಉಳಿದ ಚೌಕಾಸಿ ಕಂಪನಿಯ ಜೊತೆ ಆಗಬೇಕು. ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆ ಇಲ್ಲ, ಒಪ್ಪಂದದಲ್ಲಿ ಏನಿದೆಯೋ ಅದೇ ಆಧಾರ. ರಾಯಲ್ಟಿ ಡಿಸ್ಕೌಂಟ್ ಕಳೆಯುವ ಮೊದಲಿನ ಮೊತ್ತದ ಮೇಲೋ ಆಮೇಲಿನದರ ಮೇಲೋ, ಕಂಪನಿ ಘೋಷಿಸಿದ ಆಫರ್‌ನ ಹೊರೆ ಯಾರದು, ಮಾರಾಟ ಬಿದ್ದರೂ ಕೊಡಬೇಕಾದ ಕನಿಷ್ಠ ರಾಯಲ್ಟಿ ಇದೆಯೇ, ಇಷ್ಟೇ ಸಿಬ್ಬಂದಿ ಇರಬೇಕೆಂಬ ಷರತ್ತಿದೆಯೇ ಎಂದು ಸಹಿ ಹಾಕುವ ಮುಂಚೆ ಓದಿ. ಕಂಪನಿಯವರು ಕೊಡುವ ಅಂದಾಜು ಪಟ್ಟಿಯಲ್ಲಿ ಸಂಬಳದ ಸಾಲನ್ನು ನೋಡಿ, ಅಲ್ಲಿ ಬರಿಯ ಕೈಗೆ ಸಿಗುವ ಸಂಬಳವಿದ್ದರೆ ಮೇಲಿನಂತೆ ತಿದ್ದಿ ಮತ್ತೆ ಕೂಡಿಸಿ. ನಿಮ್ಮ ಊರಿನಷ್ಟೇ ದೊಡ್ಡ ಊರುಗಳಲ್ಲಿ ಅದೇ ಬ್ರ್ಯಾಂಡ್ ನಡೆಸುತ್ತಿರುವ ಇಬ್ಬರು ಮೂವರ ಬಳಿ ಹೋಗಿ ಕುಳಿತು, ಕಳೆದ ಹನ್ನೆರಡು ತಿಂಗಳಲ್ಲಿ ಸಂಬಳ ಯಾವ ಯಾವ ತಾರೀಕಿಗೆ ಆಗಿದೆ ಎಂದು ಕೇಳಿ.