ಬೆಲ್ಟ್ ಮೇಲಿನ ಗೆರೆ 202 ಸುತ್ತಿಗೊಮ್ಮೆ ಕೂಡುತ್ತದೆ

ಕಾರಿನ ಎಂಜಿನ್ನಿನಲ್ಲಿ ಪಿಸ್ಟನ್‌ಗಳು ಸುತ್ತಿಸುವ ದಂಡ ಕ್ರ್ಯಾಂಕ್, ವಾಲ್ವ್ ತೆರೆಯುವ ದಂಡ ಕ್ಯಾಮ್; ಎರಡನ್ನೂ ತಾಳ ತಪ್ಪದಂತೆ ಜೋಡಿಸುವ ಹಲ್ಲಿನ ಪಟ್ಟಿ ಟೈಮಿಂಗ್ ಬೆಲ್ಟ್. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ತಲೆಭಾಗವಾದ ಹೆಡ್ಡಿನ ಅಡಿ ಕೂರುವ ಪದರ) ಬದಲಾಯಿಸಿ, ಟೈಮಿಂಗ್ ಬೆಲ್ಟ್ ಹಾಕಿ, ಕ್ರ್ಯಾಂಕನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ ನೋಡಿ. ಹಾಕುವಾಗ ಪುಲ್ಲಿಯ (ಬೆಲ್ಟ್ ಕೂರುವ ಹಲ್ಲಿನ ಚಕ್ರದ) ಗುರುತಿಗೆ ಕೂಡಿಸಿದ್ದ ಬೆಲ್ಟ್ ಮೇಲಿನ ಬಿಳಿ ಗೆರೆಗಳು ಆ ಗುರುತು ಬಿಟ್ಟು ಎಲ್ಲೋ ಹೋಗಿರುತ್ತವೆ. ಹೋಗಲೇಬೇಕು!

ನನ್ನ ತಮ್ಮನಿಗೆ ಇದು ಗೊತ್ತಿರಲಿಲ್ಲ. ಮೆಕ್ಯಾನಿಕ್ ಸರಿಯಾಗಿಯೇ ಕೂರಿಸಿದ್ದರು, ಇವನು ಗೆರೆ ತಪ್ಪಿದೆ ಅಂತ ಹಠ ಹಿಡಿದು ಬಿಚ್ಚಿಸಿದ. ಮತ್ತೆ ಹಾಕುವ ಗಡಿಬಿಡಿಯಲ್ಲಿ ಕ್ಯಾಮ್ ಒಂದು ಹಲ್ಲು ಹಿಂದೆ ಬಿತ್ತು. ಗಾಡಿ ಸ್ಟಾರ್ಟ್ ಆಯಿತು, ಆದರೆ ಏರಿನಲ್ಲಿ ಎಳೆಯುತ್ತಲೇ ಇರಲಿಲ್ಲ.

ಲೆಕ್ಕಕ್ಕೆ ಸುಲಭವಾಗಲಿ ಅಂತ ಕ್ರ್ಯಾಂಕ್ ಪುಲ್ಲಿಗೆ 20 ಹಲ್ಲು, ಕ್ಯಾಮ್‌ಗೆ 40, ಬೆಲ್ಟ್‌ಗೆ 101 ಅಂತ ಇಟ್ಟುಕೊಳ್ಳೋಣ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಪುಲ್ಲಿಗಳ ಗುರುತು ಮತ್ತೆ ತಮ್ಮ ಜಾಗಕ್ಕೆ ಬಂತು. ಬೆಲ್ಟ್ ಮಾತ್ರ 101ರಲ್ಲಿ 40 ಹಲ್ಲು ಅಷ್ಟೇ ಮುಂದೆ ಹೋಗಿದೆ, ಅರ್ಧ ದಾರಿಯೂ ಆಗಿಲ್ಲ. ಮೂರೂ ಒಟ್ಟಿಗೆ ಕೂಡಬೇಕಾದರೆ 40 ಮತ್ತು 101ರ ಲ.ಸಾ.ಅ. ಬೇಕು, ಅಂದರೆ 4040 ಹಲ್ಲು, ಕ್ರ್ಯಾಂಕಿನ 202 ಸುತ್ತು. ಗಾಡಿ ನಿಂತಲ್ಲೇ ನಿಮಿಷಕ್ಕೆ 800 ಸುತ್ತು (ಐಡಲ್) ಓಡುವಾಗ ಸುಮಾರು 15 ಸೆಕೆಂಡಿಗೊಮ್ಮೆ ಅವು ಕೂಡುತ್ತವೆ, ಮತ್ತೆ ಬೇರೆಯಾಗುತ್ತವೆ. ನನಗೆ ಇದನ್ನು ನೆನೆದಾಗಲೆಲ್ಲ ಖುಷಿಯಾಗುತ್ತದೆ.

ನಮ್ಮ 60 ಸಂವತ್ಸರದ ಲೆಕ್ಕವೂ ಹೀಗೇ ಅಲ್ವಾ? ಗುರು ಸುಮಾರು 12 ವರ್ಷಕ್ಕೆ ಒಂದು ಸುತ್ತು, ಶನಿ ಸುಮಾರು 30ಕ್ಕೆ. ಇಬ್ಬರೂ ಹೊರಟ ಜಾಗಕ್ಕೇ ಜೊತೆಯಾಗಿ ಬರಲು 60 ಬೇಕು. ಇದರಲ್ಲಿ ಶುಭ ಅಶುಭ ಏನೂ ಇಲ್ಲ, ಬರೀ ಲ.ಸಾ.ಅ. ಇದೆ.

ಹಾಗಾಗಿ ಗೆರೆ ಇರುವುದು ಬೆಲ್ಟ್ ಹಾಕುವ ಗಳಿಗೆಗೆ ಮಾತ್ರ. ಆಮೇಲೆ ನೋಡಬೇಕಾದದ್ದು ಪುಲ್ಲಿಗಳ ಗುರುತು.

ಪುಲ್ಲಿಯ ಗುರುತೇ ತಪ್ಪಿದ್ದರೆ? "ಹೆಡ್ ಫೇಸಿಂಗ್ ಮಾಡಿಸಿದ್ರಲ್ಲ, ಅದಕ್ಕೇ" ಅನ್ನುವವರು ಜಾಸ್ತಿ. ಫೇಸಿಂಗ್ ಅಂದರೆ ಹೆಡ್ಡಿನ ಅಡಿಯನ್ನು ತೆಳುವಾಗಿ ತೇದು ಸಮ ಮಾಡುವುದು. ಅದನ್ನೂ ಅಳೆದು ನೋಡೋಣ. 0.2 ಮಿ.ಮೀ. ತೆಗೆದರೆ ಹೆಡ್ ಅಷ್ಟು ಕೆಳಗೆ ಕೂರುತ್ತದೆ, ಕ್ಯಾಮ್ ಸ್ವಲ್ಪ ಹಿಂದೆ ಬೀಳುವುದು ನಿಜ. ಆದರೆ ಎಷ್ಟು? ಹಲ್ಲಿನಿಂದ ಹಲ್ಲಿಗೆ 8 ಮಿ.ಮೀ. ಇದ್ದರೆ 40 ಹಲ್ಲಿನ ಕ್ಯಾಮ್ ಪುಲ್ಲಿಯ ಸುತ್ತಳತೆ 320 ಮಿ.ಮೀ. ಅದರಲ್ಲಿ 0.2 ಅಂದರೆ ಕಾಲು ಡಿಗ್ರಿಗೂ ಕಡಿಮೆ. ಒಂದು ಹಲ್ಲು ತಪ್ಪಿದರೆ 9 ಡಿಗ್ರಿ, ಕ್ರ್ಯಾಂಕಿನ ಲೆಕ್ಕದಲ್ಲಿ 18. ಕಣ್ಣಿಗೆ ಕಾಣುವಷ್ಟು ಗುರುತು ತಪ್ಪಿದ್ದರೆ ಸುಮ್ನೆ ಫೇಸಿಂಗ್ ಮೇಲೆ ಹಾಕಬೇಡಿ.

ಹಲ್ಲು ತಪ್ಪುವುದು ಸಾಮಾನ್ಯವಾಗಿ ಬೆಲ್ಟಿನ ಸಡಿಲ ತಪ್ಪು ಕಡೆ ಉಳಿದಾಗ. ಬಾವಿ ರಾಟೆ ನೆನಪಿಸಿಕೊಳ್ಳಿ. ಕೊಡ ಇರುವ ಕಡೆ ಹಗ್ಗ ಬಿಗಿ, ಇನ್ನೊಂದು ಕಡೆ ಎಷ್ಟು ಜೋಲಾಡಿದರೂ ನಡೆಯುತ್ತದೆ. ಕೊಡದ ಕಡೆಯೇ ಜೋಲಿದ್ದರೆ ನೀವು ಮೊದಲು ಎಳೆದ ಗೇಣು ಹಗ್ಗ ಬರೀ ಜೋಲು ಎಳೆಯಲು ಹೋಗುತ್ತದೆ, ಕೊಡ ಅಲ್ಲಾಡುವುದೇ ಇಲ್ಲ. ಇಲ್ಲಿ ಕೊಡ ಅಂದರೆ ಕ್ಯಾಮ್, ಎಳೆಯುವವನು ಕ್ರ್ಯಾಂಕ್. ಆದ್ದರಿಂದ ಕ್ರ್ಯಾಂಕಿನಿಂದ ಶುರು ಮಾಡಿ, ಎಳೆತದ ಕಡೆ ಒಂದಿಷ್ಟೂ ಸಡಿಲ ಬಿಡದೆ ಬೆಲ್ಟ್ ಏರಿಸಬೇಕು. ಸಡಿಲವೆಲ್ಲ ಟೆನ್ಷನರ್ (ಬೆಲ್ಟ್ ಬಿಗಿ ಮಾಡುವ ಉರುಳೆ) ಕಡೆಗೆ ಹೋಗಲಿ, ಅದು ಇರುವುದೇ ಅದಕ್ಕೆ.

ಹಲ್ಲಿನ ಬೆಲ್ಟ್ ಹುಟ್ಟಿದ್ದು ಕಾರಿಗಾಗಿ ಅಲ್ಲ. 1940ರ ದಶಕದಲ್ಲಿ ಅಮೆರಿಕದಲ್ಲಿ, ಹೊಲಿಗೆ ಯಂತ್ರಕ್ಕೆ! ಸೂಜಿ ಇಳಿದಾಗ ಕೆಳಗಿನ ಬಾಬಿನ್ ತಪ್ಪದೆ ಅಲ್ಲಿರಬೇಕಿತ್ತು. ಪಿಸ್ಟನ್ ಮತ್ತು ವಾಲ್ವ್‌ದೂ ಅಂಥದ್ದೇ ಜೋಡಿ, ಒಬ್ಬ ಬಂದಾಗ ಇನ್ನೊಬ್ಬ ಜಾಗ ಬಿಡಬೇಕು. ಕ್ಯಾಮ್ ತಿರುಗಿಸಲು ಈ ಬೆಲ್ಟ್ ಹಾಕಿ ಮಾರಾಟಕ್ಕೆ ಬಂದ ಮೊದಲ ಕಾರು 1962ರ ಗ್ಲಾಸ್ 1004, ಜರ್ಮನಿಯ ಬವೇರಿಯಾದ್ದು.

ತಮ್ಮನ ಗಾಡಿಯಲ್ಲಿ ಸಡಿಲ ಎಳೆತದ ಕಡೆಯೇ ಇತ್ತು. ಈ ಸಲ ಟೆನ್ಷನರ್ ಬಿಗಿ ಮಾಡಿ, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟು, ಎಂಜಿನ್ ಓಡುವ ದಿಕ್ಕಿಗೇ ನಿಧಾನ ಎರಡು ಸುತ್ತು ಸುತ್ತಿದೆವು. ಪ್ಲಗ್ ಇಲ್ಲದಿದ್ದರೆ ಒಳಗೆ ಗಾಳಿಯ ಒತ್ತಡ ಇರುವುದಿಲ್ಲ, ಕೈಗೆ ಹಗುರ. ಆಗಲೂ ಎಲ್ಲಾದರೂ ಗಟ್ಟಿಯಾಗಿ ತಡೆದರೆ ಅಲ್ಲೇ ನಿಲ್ಲಿಸಿ. ತಡೆದದ್ದು ವಾಲ್ವ್ ಇರಬಹುದು, ಸ್ಪ್ಯಾನರ್ ಒತ್ತಿದರೆ ಬಾಗುತ್ತದೆ.